ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಯಾರು ಯಾರಿದ್ದಾರೆ: ಒಂದು ಕರಪತ್ರಕ್ಕಾಗಿ ಊರಿನ ಲೆಕ್ಕ ತೆಗೆದದ್ದು

ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಮಾಡುವ ಆರೋಗ್ಯ ಸೇವೆಯೊಂದಕ್ಕೆ ಅಂಕಿಅಂಶ ಸಿದ್ಧಪಡಿಸಿಕೊಡುವುದು ನನ್ನ ಉದ್ಯೋಗ. ಹ್ಯಾಮ್‌ಟ್ರ್ಯಾಮಿಕ್ ಎಂಬ ಸಣ್ಣ ಊರಿನಲ್ಲಿ ಮನೆಮನೆಗೆ ಹಂಚಲು ಮಕ್ಕಳ ಲಸಿಕೆಯ ಕರಪತ್ರ ಅಚ್ಚು ಹಾಕಿಸಬೇಕಿತ್ತು. ಯಾವ ಯಾವ ಭಾಷೆಯಲ್ಲಿ, ಎಷ್ಟೆಷ್ಟು ಪ್ರತಿ ಎಂದು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಅದಕ್ಕೆ ಊರಿನಲ್ಲಿ ಯಾವ ಮೂಲದವರು ಎಷ್ಟಿದ್ದಾರೆ ಎಂಬುದು ತಿಳಿಯಬೇಕು. ಅಮೆರಿಕದ ಜನಗಣತಿ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರು ಒತ್ತಿದರೆ ಉತ್ತರ ಕ್ಷಣದಲ್ಲಿ ಬರುತ್ತದೆ. 2010ರ ಗಣತಿಯ ಪ್ರಕಾರ ಅಲ್ಲಿ ನೂರಕ್ಕೆ ಸುಮಾರು 54 ಮಂದಿ ಬಿಳಿಯರು, 21 ಮಂದಿ ಏಷ್ಯನ್ನರು, 19 ಮಂದಿ ಕಪ್ಪು ಜನರು. ಈ ಮೂರು ಅಂಕಿಗಳನ್ನೇ ನಂಬಿಕೊಂಡು ಕರಪತ್ರ ಮಾಡಿಸಿದ್ದರೆ ಅದು ಊರಿನ ಅರ್ಧ ತಾಯಂದಿರಿಗೆ ತಲುಪುತ್ತಲೇ ಇರಲಿಲ್ಲ.

ಕಾರಣ ಆ 'ಬಿಳಿಯರು' ಎಂಬ ಸಾಲು. ಅಮೆರಿಕ ಸರ್ಕಾರ 1997ರಲ್ಲಿ ಮಾಡಿಕೊಂಡ ವ್ಯಾಖ್ಯೆಯಂತೆ ಯುರೋಪು, ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾ ಈ ಮೂರೂ ಕಡೆಯ ಮೂಲದವರು ಬಿಳಿಯರೇ. ಹಾಗಾಗಿ ಪೋಲೆಂಡಿನಿಂದ ಬಂದ ಅಜ್ಜಿಯೂ, ಬೋಸ್ನಿಯಾದ ಯುದ್ಧ ತಪ್ಪಿಸಿಕೊಂಡು ಬಂದವರೂ, ಯೆಮೆನ್‌ನಿಂದ ಹೋದ ವರ್ಷ ಬಂದ ಕುಟುಂಬವೂ ಒಂದೇ ಸಾಲಿನಲ್ಲಿ ಲೆಕ್ಕಕ್ಕೆ ಸಿಗುತ್ತಾರೆ. ನಮ್ಮವರಿಗೂ ಇದು ಹೊಸದಲ್ಲ. 1970ರ ಗಣತಿಯಲ್ಲಿ ಇಲ್ಲಿದ್ದ ಭಾರತೀಯರನ್ನೂ ಬಿಳಿಯರೊಂದಿಗೇ ಎಣಿಸಿದ್ದರು. 1980ರಲ್ಲಿ ಭಾರತೀಯರಿಗೆ ಗಣತಿ ನಮೂನೆಯಲ್ಲಿ ಏಷ್ಯನ್ನರ ಅಡಿಯಲ್ಲಿ ಗುರುತು ಹಾಕಲು ಬೇರೆ ಚೌಕ ಸಿಕ್ಕಿತು.

ಅಂಕಿಗಳಿಗೆ ಕೈಹಾಕುವ ಮೊದಲು ಊರಿನ ಚರಿತ್ರೆ ಓದಿದೆ. ಐದು ಚದರ ಕಿಲೋಮೀಟರಿಗೆ ತುಸು ಹೆಚ್ಚಿರುವ, ಬಹುತೇಕ ಎಲ್ಲ ದಿಕ್ಕಿನಲ್ಲೂ ಡೆಟ್ರಾಯಿಟ್ ನಗರವೇ ಸುತ್ತುವರಿದಿರುವ ಊರು ಇದು. 1910ರಲ್ಲಿ ಇಲ್ಲಿ ಇದ್ದವರು ಮೂರೂವರೆ ಸಾವಿರ. ಅದೇ ವರ್ಷ ಡಾಡ್ಜ್ ಸೋದರರ ಮೋಟಾರು ಕಾರ್ಖಾನೆ ಶುರುವಾಯಿತು. ಹತ್ತೇ ವರ್ಷದಲ್ಲಿ ಜನಸಂಖ್ಯೆ 48 ಸಾವಿರ ದಾಟಿತು, 1930ಕ್ಕೆ 56 ಸಾವಿರ ಮುಟ್ಟಿತು; ಬಂದವರಲ್ಲಿ ಹೆಚ್ಚಿನವರು ಪೋಲಿಷರು. 1980ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಪೋಲಿಷರ ಮಕ್ಕಳು ಹೊರವಲಯದ ಊರುಗಳಿಗೆ ಹೊರಟುಹೋದರು. ಖಾಲಿಯಾದ, ಬಾಡಿಗೆ ಕಡಿಮೆಯಿದ್ದ ಮನೆಗಳಿಗೆ ಯೆಮೆನಿಗಳು, ಬೋಸ್ನಿಯನ್ನರು, ಬಾಂಗ್ಲಾದೇಶದವರು ಬಂದು ಸೇರಿದರು. ಬಾಂಗ್ಲಾದೇಶದವರಲ್ಲಿ ಬಹಳ ಮಂದಿ ಸಿಲ್ಹೆಟ್ ಕಡೆಯವರು, ನ್ಯೂಯಾರ್ಕಿನ ದುಬಾರಿ ಬದುಕು ಬಿಟ್ಟು ಇಲ್ಲಿಗೆ ಬಂದವರೂ ಅವರಲ್ಲಿದ್ದಾರೆ. 2010ರಲ್ಲಿ 22,423 ಇದ್ದ ಜನಸಂಖ್ಯೆ 2020ರ ಗಣತಿಯಲ್ಲಿ 28,433 ಆಯಿತು. ಸುತ್ತಲಿನ ಡೆಟ್ರಾಯಿಟ್ ಕರಗುತ್ತಿದ್ದ ಅದೇ ಕಾಲದಲ್ಲಿ ಈ ಊರು ಕಾಲು ಭಾಗಕ್ಕಿಂತ ಹೆಚ್ಚು ಬೆಳೆದಿದೆ.

ಕಪ್ಪು ಜನರ ಸಂಖ್ಯೆಯ ಹಿಂದೆಯೂ ಒಂದು ಕಥೆಯಿದೆ, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ನಗರ ನವೀಕರಣದ ಹೆಸರಿನಲ್ಲಿ ಊರಿನ ಆಡಳಿತ ಕಪ್ಪು ಜನರ ಮನೆಗಳನ್ನು ಕೆಡವಿ ಅವರನ್ನು ಒಕ್ಕಲೆಬ್ಬಿಸಿತ್ತು. 1968ರಲ್ಲಿ ಅವರು ಮೊಕದ್ದಮೆ ಹೂಡಿದರು, 1971ರಲ್ಲಿ ನ್ಯಾಯಾಧೀಶ ಡೇಮನ್ ಕೀತ್ ಅವರ ಪರವಾಗಿ ತೀರ್ಪು ಕೊಟ್ಟರು. ತೀರ್ಪಿನಂತೆ ಮನೆಗಳು ಎದ್ದು ನಿಲ್ಲಲು ದಶಕಗಳೇ ಹಿಡಿದವು. ಅರ್ಜಿದಾರರಲ್ಲಿ ಕೆಲವರ ಪಾಲಿಗೆ ಅವು ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಬಂದವು. ನೂರಕ್ಕೆ 19 ಎಂಬ ಅಂಕಿಯನ್ನು ಬರೆಯುವಾಗ ಅದರ ಕೆಳಗೆ ಈ ಮೊಕದ್ದಮೆಯ ಬಗ್ಗೆ ಎರಡು ಸಾಲು ಸೇರಿಸಿದೆ. ಲೆಕ್ಕಪತ್ರದಲ್ಲಿ ಇದಕ್ಕೆ ಜಾಗವಿಲ್ಲ ಎನ್ನುವವರಿದ್ದಾರೆ. ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸರ್ಕಾರದವರು ಹಿಂದೊಮ್ಮೆ ಮನೆ ಕೆಡವಿದ ಬೀದಿಯಲ್ಲಿ ಸರ್ಕಾರದ ಲಸಿಕೆಯ ಕಾಗದ ಹಿಡಿದು ಬಾಗಿಲು ತಟ್ಟುವವರಿಗೆ ಇದು ಗೊತ್ತಿರಲೇಬೇಕು.

ಇನ್ನು ಅಸಲು ಕೆಲಸ. ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯಲ್ಲಿ ಭಾಷೆಯನ್ನು ಕೇಳುವುದಿಲ್ಲ, ಧರ್ಮವನ್ನೂ ಕೇಳುವುದಿಲ್ಲ. ಧರ್ಮ, ಮಾತೃಭಾಷೆ ಎರಡನ್ನೂ ಗಣತಿದಾರರು ಬರೆದುಕೊಳ್ಳುವ ದೇಶದಿಂದ ಬಂದ ನಮಗೆ ಇದು ವಿಚಿತ್ರವೆನಿಸುತ್ತದೆ. ಹ್ಯಾಮ್‌ಟ್ರ್ಯಾಮಿಕ್ ಮುಸ್ಲಿಂ ಬಹುಸಂಖ್ಯಾತ ಊರು ಎಂದು ಪತ್ರಿಕೆಗಳು ಬರೆಯುತ್ತವಲ್ಲ, ಅದು ಗಣತಿಯ ಮಾತಲ್ಲ. 2021ರ ಚುನಾವಣೆಯಲ್ಲಿ ಮೇಯರ್ ಮತ್ತು ಎಲ್ಲ ನಗರಸಭಾ ಸದಸ್ಯರೂ ಮುಸ್ಲಿಮರೇ ಆದ ಮೇಲೆ ಆ ಮಾತು ಇನ್ನಷ್ಟು ಹಬ್ಬಿತು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ, ನನ್ನ ಪಟ್ಟಿಯಲ್ಲಿ ಹಾಕುವಂಥ ಅಂಕಿ ಅದಲ್ಲ ಅಷ್ಟೇ.

ಭಾಷೆಯ ಪ್ರಶ್ನೆ ಇರುವುದು ಅದೇ ಗಣತಿ ಇಲಾಖೆಯಿಂದ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಮಾದರಿ ಸಮೀಕ್ಷೆಯಲ್ಲಿ. 65 ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷಗಳ ಉತ್ತರಗಳನ್ನು ಒಟ್ಟುಗೂಡಿಸಿದ ಅಂದಾಜೇ ಗತಿ. ಅದರಲ್ಲೂ ಸಣ್ಣ ಊರಿಗೆ ಕೊಡುವ ಭಾಷಾಪಟ್ಟಿ ಸಂಕ್ಷಿಪ್ತವಾದದ್ದು. ಅರಬ್ಬಿಗೆ ಸ್ವಂತ ಸಾಲಿದೆ, ಸಂತೋಷ. ಪೋಲಿಷ್, ಬೋಸ್ನಿಯನ್, ಉಕ್ರೇನಿಯನ್ ಎಲ್ಲ ಸ್ಲಾವಿಕ್ ಭಾಷೆಗಳೆಂದು ಒಟ್ಟಿಗಿವೆ. ಬಂಗಾಳಿ ಇರುವುದು 'ಇತರ ಇಂಡೋ-ಯುರೋಪಿಯನ್' ಸಾಲಿನಲ್ಲಿ, ಹಿಂದಿ, ಉರ್ದು, ಅಲ್ಬೇನಿಯನ್ ಜತೆ. ಕನ್ನಡ ಎಲ್ಲಿದೆ ಎಂದು ಕುತೂಹಲದಿಂದ ಹುಡುಕಿದೆ. ತಮಿಳು, ತೆಲುಗು, ಮಲಯಾಳಂಗಳೊಂದಿಗೆ ಅದು 'ಇತರ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಭಾಷೆಗಳು' ಎಂಬ ಸಾಲಿಗೆ ಸೇರಿದೆ. ಮನೆಯಲ್ಲಿ ಕೊಂಕಣಿ ಮಾತನಾಡುವ ಮಂಗಳೂರಿನವರು ಒಂದು ಸಾಲಿನಲ್ಲಿ, ಕನ್ನಡ ಮಾತನಾಡುವ ಅವರ ಪಕ್ಕದ ಮನೆಯವರು ಇನ್ನೊಂದರಲ್ಲಿ!

ಆದ್ದರಿಂದ ನಾನು ಹೆಚ್ಚು ನೆಚ್ಚಿಕೊಂಡದ್ದು ಅದೇ ಸಮೀಕ್ಷೆಯ ಹುಟ್ಟಿದ ದೇಶದ ಪಟ್ಟಿಯನ್ನು. ಅದರಲ್ಲಿ ಯೆಮೆನ್, ಬಾಂಗ್ಲಾದೇಶ, ಪೋಲೆಂಡ್, ಬೋಸ್ನಿಯಾ ಪ್ರತ್ಯೇಕವಾಗಿ ಕಾಣುತ್ತವೆ. ವಂಶಮೂಲದ ಪಟ್ಟಿ ಈ ಊರಿಗೆ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಅದರಲ್ಲಿ ಲೆಬನಾನ್, ಇರಾಕ್, ಈಜಿಪ್ಟ್‌ಗಳ ಹೆಸರಿದ್ದರೂ ಯೆಮೆನಿಗಳು 'ಇತರ ಅರಬ್ಬರು' ಎಂಬಲ್ಲಿ ಅಡಗಿರುತ್ತಾರೆ. ಹುಟ್ಟಿದ ದೇಶದ ಪಟ್ಟಿಗೂ ಒಂದು ಕೊರತೆಯಿದೆ: ಇಲ್ಲೇ ಹುಟ್ಟಿದ ಮಕ್ಕಳು ಅದರಲ್ಲಿ ಬರುವುದಿಲ್ಲ. ಆದರೆ ಕರಪತ್ರ ಓದುವವರು ತಂದೆತಾಯಿಯರು ತಾನೇ, ನನ್ನ ಕೆಲಸಕ್ಕೆ ಅದು ಸಾಕಾಯಿತು. ಪ್ರತಿ ಅಂದಾಜಿನ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬ ಸಂಖ್ಯೆಯೂ ಇರುತ್ತದೆ. ಅದನ್ನು ನೋಡದೆ ಒಂದು ಅಂಕಿಯನ್ನೂ ಬಳಸಬಾರದು. ಅಂದಾಜು 400 ಎಂದಿದ್ದು ಪಕ್ಕದಲ್ಲಿ 250 ಆಚೀಚೆ ಎಂದಿದ್ದರೆ 'ಕೆಲವು ನೂರು ಜನ' ಎಂದು ಬರೆಯುವುದಷ್ಟೇ ಪ್ರಾಮಾಣಿಕತೆ.

ಆಮೇಲೆ ಜೋಸೆಫ್ ಕಾಂಪೋ ಮತ್ತು ಕೊನಾಂಟ್ ರಸ್ತೆಗಳಲ್ಲಿ ನಡೆದೆ. ಕೊನಾಂಟ್ ರಸ್ತೆಯ ಒಂದು ಭಾಗಕ್ಕೆ ಬಾಂಗ್ಲಾದೇಶ ಅವೆನ್ಯೂ ಎಂಬ ಹೆಸರೂ ಇದೆ. ಯೆಮೆನಿ ದಿನಸಿ ಅಂಗಡಿಯೊಂದರಲ್ಲಿ ಹಿರಿಯರೊಬ್ಬರಿಗೆ 2020ರ ಗಣತಿ ನಮೂನೆಯನ್ನು ತೋರಿಸಿದೆ. ಅವರ ಬೆರಳು ಚೌಕಗಳ ಮೇಲೆ ನಿಧಾನವಾಗಿ ಕೆಳಗಿಳಿದು, ಎಲ್ಲವನ್ನೂ ದಾಟಿ, ಕೊನೆಯ 'ಬೇರೆ ಜನಾಂಗ' ಎಂಬಲ್ಲಿ ನಿಂತಿತು. ಗಲ್ಲಾದಲ್ಲಿದ್ದ ಮಗಳು ಬಗ್ಗಿ ನೋಡಿ, "ಅಪ್ಪಾ, ಮೇಲೆ ನೋಡಿ, ಬಿಳಿಯರ ಚೌಕದ ಕೆಳಗೆ ಲೆಬನಾನ್, ಈಜಿಪ್ಟ್‌ನವರ ಉದಾಹರಣೆ ಕೊಟ್ಟಿದ್ದಾರೆ, ನಮ್ಮದು ಅದೇ" ಎಂದಳು. ಅವರು ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಎರಡು ಉತ್ತರ. ಇಂಥ ಮನೆಗಳು ಆ ಬೀದಿಯಲ್ಲಿ ಎಷ್ಟಿವೆಯೋ, ಗಣತಿಯ ಜನಾಂಗವಾರು ಲೆಕ್ಕ ಅಷ್ಟು ಅಲುಗಾಡುತ್ತದೆ.

ಭಾಷೆಯ ವಿಚಾರದಲ್ಲಿ ಕಾನೂನನ್ನೂ ಓದಬೇಕಾಯಿತು. ಮತದಾನ ಹಕ್ಕು ಕಾಯ್ದೆಯ ನಿಯಮದಂತೆ 2011ರಲ್ಲೇ ಹ್ಯಾಮ್‌ಟ್ರ್ಯಾಮಿಕ್ ಬಂಗಾಳಿಯಲ್ಲೂ ಮತಪತ್ರ ಕೊಡಬೇಕೆಂದು ನಿರ್ಧಾರವಾಗಿತ್ತು. ಅದೇ ಕಾಯ್ದೆಯ ವ್ಯಾಪ್ತಿಯಲ್ಲಿ ಅರಬ್ಬಿ ಇಲ್ಲ. ಸ್ಪ್ಯಾನಿಷ್, ಏಷ್ಯನ್, ಮೂಲನಿವಾಸಿ ಭಾಷೆಗಳಿಗಷ್ಟೇ ಅದು ಅನ್ವಯ. ಆರೋಗ್ಯದ ಕರಪತ್ರಕ್ಕೆ ಅಂಥ ಕಟ್ಟುಪಾಡಿಲ್ಲ. ಇಂಗ್ಲಿಷ್, ಅರಬ್ಬಿ, ಬಂಗಾಳಿ ಮೂರರಲ್ಲೂ ಅಚ್ಚು ಹಾಕಿಸಲು ಬರೆದುಕೊಟ್ಟೆ. ಸಿಲ್ಹೆಟಿ ಆಡುವವರು ಓದುವುದು ಬಂಗಾಳಿಯನ್ನು, ಆದರೆ ಓದು ಬಾರದ ಹಿರಿಯ ಹೆಂಗಸರೂ ಇದ್ದಾರೆ. ಅವರಿಗಾಗಿ ಸಿಲ್ಹೆಟಿಯಲ್ಲೂ ಯೆಮೆನಿ ಅರಬ್ಬಿಯಲ್ಲೂ ಧ್ವನಿಮುದ್ರಿಕೆ ಮಾಡಿಸಿ ಮೊಬೈಲಿಗೆ ಕಳಿಸಬೇಕೆಂದು ಹಠ ಹಿಡಿದೆ, ಆಯಿತು. ಪೋಲಿಷ್ ಬೇಡವೆಂದು ತೀರ್ಮಾನಿಸಿದೆ. ಆ ಊರಿನಲ್ಲಿ ಉಳಿದಿರುವ ಪೋಲಿಷರಲ್ಲಿ ಹೆಚ್ಚಿನವರು ವಯಸ್ಸಾದವರು, ಎಳೆ ಮಕ್ಕಳಿರುವ ಮನೆಗಳು ಅಪರೂಪ.

2024ರ ಮಾರ್ಚ್‌ನಲ್ಲಿ ಸರ್ಕಾರ 1997ರ ಆ ವ್ಯಾಖ್ಯೆಯನ್ನು ಬದಲಿಸಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ವರ್ಗವನ್ನೇ ಮಾಡಿತು. ಅದು ಗಣತಿಯ ನಮೂನೆಗೆ ಇಳಿದು ಬಂದಾಗ ಹ್ಯಾಮ್‌ಟ್ರ್ಯಾಮಿಕ್‌ನ ಬಿಳಿಯರ ಸಂಖ್ಯೆ ಥಟ್ಟನೆ ಕುಸಿದಂತೆ ಕಾಣುತ್ತದೆ, ಒಬ್ಬರೂ ಊರು ಬಿಡದಿದ್ದರೂ. 2020ರಲ್ಲಿ ಹೀಗೆಯೇ ಆಗಿತ್ತು: ಪ್ರಶ್ನೆ ಕೇಳುವ ಮತ್ತು ಉತ್ತರ ವಿಂಗಡಿಸುವ ಕ್ರಮ ಬದಲಾದದ್ದೂ ಸೇರಿ, ಎರಡು ಅಥವಾ ಹೆಚ್ಚು ಜನಾಂಗದವರೆಂದು ಲೆಕ್ಕಕ್ಕೆ ಬಂದವರು ದೇಶದಾದ್ಯಂತ 90 ಲಕ್ಷದಿಂದ 3 ಕೋಟಿ 38 ಲಕ್ಷಕ್ಕೆ ಏರಿದರು. ಹಾಗಾಗಿ ನಾನು ಮಾಡಿದ ಹುಟ್ಟಿದ ದೇಶದ ಪಟ್ಟಿಗಳನ್ನು ವರ್ಷವಾರು ತೆಗೆದಿಟ್ಟಿದ್ದೇನೆ, ಪ್ರತಿ ಪುಟದ ತಲೆಯಲ್ಲಿ ಆ ವರ್ಷದ ನಮೂನೆಯಲ್ಲಿದ್ದ ಪ್ರಶ್ನೆಯನ್ನು ಇದ್ದಂತೆಯೇ ಬರೆದು.