ಟ್ರಾಕ್ಷನ್ ಲೈಟ್ ಹತ್ತಿದ ತಕ್ಷಣ ಸೆನ್ಸಾರ್ ಬದಲಿಸ್ಬೇಡಿ, ಮೊದ್ಲು ನಾಲ್ಕು ಚಕ್ರದ ಲೆಕ್ಕ ನೋಡಿ

ಹತ್ತು ಹನ್ನೆರಡು ವರ್ಷದ ಹಳೇ ಕಾರು, ಒಂದೆರಡು ಮಳೆಗಾಲ ಜಾಸ್ತೀನೇ ಕಂಡಿದೆ ಅಂದ್ರೆ, ಒಂದಿನ ಮೀಟರಲ್ಲಿ ಜಾರ್ತಿರೋ ಕಾರಿನ ಚಿತ್ರದ ಹಳದಿ ಟ್ರಾಕ್ಷನ್ ಲೈಟು, ಪಕ್ಕದಲ್ಲೇ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಲೈಟು, ಎರಡೂ ಹತ್ಕೊಂಡು ಆರೋದೇ ಇಲ್ಲ. ಗ್ಯಾರೇಜಲ್ಲಿ 'ಸೆನ್ಸಾರ್ (ಚಕ್ರದ ವೇಗ ಅಳೆಯೋದು) ಹೋಗಿದೆ ಸಾರ್' ಅಂತಾರೆ, ಹೊಸದು ಹಾಕ್ತಾರೆ, ವಾರಕ್ಕೆ ಲೈಟ್ ವಾಪಸ್, ಇನ್ನೊಂದು ಹಾಕ್ತಾರೆ, ಕೊನೆಗೆ 'ಮಾಡ್ಯೂಲೇ, ಅಂದ್ರೆ ಎಬಿಎಸ್ ನಡೆಸೋ ಕಂಪ್ಯೂಟರೇ ಹೋಗಿರ್ಬೇಕು' ಅನ್ನೋ ದೊಡ್ಡ ಬಿಲ್ಲು. ನಮ್ಮ ಭಾವನ ಗಾಡಿಗೆ ಹೀಗೇ ಎರಡು ಸೆನ್ಸಾರ್ ದುಡ್ಡು ದಂಡ ಆಯ್ತು, ನಿಜವಾದ ತೊಂದ್ರೆ ಇದ್ದಿದ್ದು ಉಗುರಿನ ದಪ್ಪದ ತುಕ್ಕಲ್ಲಿ.

ಟ್ರಾಕ್ಷನ್ ಕಂಟ್ರೋಲಿಗೆ ಅಂತ ಬೇರೆ ವೀಲ್ ಸೆನ್ಸಾರ್ ಇರಲ್ಲ. ಎಬಿಎಸ್‌ದೇ ನಾಲ್ಕು ಸೆನ್ಸಾರ್ ನೋಡ್ಕೊಂಡು, ಯಾವ ಚಕ್ರ ಸುಮ್ನೆ ಜೋರಾಗಿ ಸುತ್ತುತ್ತೋ ಅದಕ್ಕೆ ಬ್ರೇಕ್ ಹಿಡಿಯುತ್ತೆ, ಇಲ್ಲಾ ಎಂಜಿನ್ ಪವರ್ ಇಳಿಸುತ್ತೆ. ಒಂದು ಚಕ್ರದ ಲೆಕ್ಕ ತಪ್ಪಿದ್ರೂ ಎರಡೂ ಬಂದ್. ಮಾಮೂಲಿ ಬ್ರೇಕ್ ಇರುತ್ತೆ, ಆದ್ರೆ ಕೆಂಪು ಬ್ರೇಕ್ ಲೈಟೂ ಹತ್ತಿದ್ರೆ ಗಾಡಿ ತೆಗೀಲೇಬೇಡಿ, ಬ್ರೇಕ್ ಆಯಿಲ್ ನೋಡಿ.

ಮೊದಲನೇದು ಸುಲಭ: ನಾಲ್ಕೂ ಟೈರ್ ಒಂದೇ ಸೈಜಾ, ಗಾಳಿ ಸರಿ ಇದ್ಯಾ, ಬ್ಯಾಟರಿ ಇಳಿದಿದ್ಯಾ, ಬ್ರೇಕ್ ತುಳಿದ್ರೆ ಹಿಂದಿನ ಲೈಟ್ ಹತ್ತುತ್ತಾ. ಪೆಡಲ್ ಹತ್ರ ಇರೋ ಚಿಕ್ಕ ಸ್ವಿಚ್ ಕೆಟ್ಟರೂ ಈ ಹಳದಿ ಲೈಟ್ ಬರಬಹುದು.

ಎರಡನೇದು, ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದ್ರೆಯ ಕೋಡ್ ಓದೋದು. ಆನ್‌ಲೈನಲ್ಲಿ ಸಿಗೋ ಗಾಡಿಯ ಸಾಕೆಟ್ಟಿಗೆ ಚುಚ್ಚೋ ಅಗ್ಗದ ನೀಲಿ ಡಾಂಗಲ್ ಜೊತೆ ಬರೋ ಫ್ರೀ ಆ್ಯಪ್‌ಗಳು ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ತೋರಿಸ್ತವೆ, 'ನೋ ಫಾಲ್ಟ್' ಅಂದ್ರೆ ನಂಬ್ಬೇಡಿ. ಎಬಿಎಸ್ ಓದೋ, ಲೈವ್ ಡೇಟಾ (ಗಾಡಿ ಓಡ್ತಿರುವಾಗಿನ ಅಂಕಿ) ತೋರ್ಸೋ ಸ್ಕ್ಯಾನರೇ ಬೇಕು, ಇಲ್ದಿದ್ರೆ ಇರೋರ ಹತ್ರ ಒಂದು ಗಂಟೆಗೆ ತಗೊಳ್ಳಿ. ಸಿ0035 ಅಂತ ಬಂದ್ರೆ ಮುಂದಿನ ಎಡ ಚಕ್ರ ಅಂತ ಅಷ್ಟೇ ಅರ್ಥ, ಅಲ್ಲಿ ಸೆನ್ಸಾರೇ ಹೋಗಿದೆ ಅಂತಲ್ಲ. ಎಲ್ರೂ ಎಡವೋದು ಇಲ್ಲೇ.

ಈಗ ಅಸಲಿ ಕೆಲಸ. ಖಾಲಿ ಮೈದಾನಕ್ಕೆ ಹೋಗಿ, ಗಾಡಿ ಬೇರೆಯವ್ರು ಓಡಿಸ್ಲಿ, ನೀವು ಪಕ್ಕದಲ್ಲಿ ಕೂತು ಸ್ಕ್ಯಾನರಲ್ಲಿ ನಾಲ್ಕೂ ಚಕ್ರದ ವೇಗ ಒಟ್ಟಿಗೆ ಹಾಕ್ಕೊಳ್ಳಿ. 30 ಕಿ.ಮೀ ವೇಗದಲ್ಲಿ ನೇರ ಹೋಗ್ವಾಗ ನಾಲ್ಕೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಒಂದು ಮಾತ್ರ ಯಾವಾಗ್ಲೂ ಸ್ವಲ್ಪ ಜಾಸ್ತಿ ತೋರಿಸಿದ್ರೆ ಅದು ಟೈರ್ ಗಾಳಿ ಅಥವಾ ಸೈಜಿನ ಕಥೆ. ಚಕ್ರ ಒಂದು ಸುತ್ತು ಬಂದಾಗೆಲ್ಲ ಅಂಕಿ ಒಂದ್ಸಲ ಕುಸಿದ್ರೆ ಹಲ್ಲಿನ ರಿಂಗ್ (ಚಕ್ರದ ಜೊತೆ ಸುತ್ತೋದು, ಸೆನ್ಸಾರ್ ಇದರ ಹಲ್ಲು ಎಣಿಸುತ್ತೆ) ಸೀಳಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಗುಂಡಿ ಹತ್ತಿಳಿದಾಗ ಪಟ್ ಅಂತ ಸೊನ್ನೆ ಆದ್ರೆ ವೈರ್: ಮೇಲೆ ರಬ್ಬರ್ ಚೆನ್ನಾಗೇ ಕಾಣುತ್ತೆ, ಒಳಗೆ ತಾಮ್ರ ಹಸಿರಾಗಿ ಪುಡಿ ಆಗಿರುತ್ತೆ. ಆಮೇಲೆ ನಿಧಾನಕ್ಕೆ ನಿಲ್ಲಿಸೋಕೆ ಹೇಳಿ ನೋಡಿ. ಗಾಡಿ ಇನ್ನೂ 10ರಲ್ಲಿ ಉರುಳ್ತಿರುವಾಗ್ಲೇ ಒಂದು ಚಕ್ರ ಮಾತ್ರ ಸೊನ್ನೆಗೆ ಬಿದ್ರೆ, ಜೊತೆಗೆ ಪೆಡಲ್ ಕಾಲ್ಕೆಳಗೆ ಗರಗರ ಅಂದ್ರೆ, ಸೆನ್ಸಾರಿಗೂ ರಿಂಗಿಗೂ ನಡುವಿನ ಸಂದು ಜಾಸ್ತಿ ಆಗಿದೆ.

ಎಲ್ಲಾ ಸರಿ ಇದ್ದಾಗ ಆ ಸಂದು ಸರಿಸುಮಾರು 1 ಮಿಲಿಮೀಟರ್ ಅಷ್ಟೇ. ಸೆನ್ಸಾರ್ ಕೂರೋ ಜಾಗದಲ್ಲಿ ತುಕ್ಕು ಉಬ್ಬಿ ಸೆನ್ಸಾರನ್ನೇ ಮೇಲೆತ್ತಿಬಿಡುತ್ತೆ, ಮಂಗಳೂರು ಉಡುಪಿ ಕಡೆ ಉಪ್ಪುಗಾಳಿ ತಿಂದ ಗಾಡಿಗಳಲ್ಲಿ ಇದನ್ನ ಮೊದ್ಲೇ ಅನುಮಾನಿಸಿ. ಜಾಕ್ ಮೇಲೆ ಗಾಡಿ ಬಿಟ್ಟು ಕೈ ಹಾಕ್ಬೇಡಿ, ಸ್ಟ್ಯಾಂಡ್ ಇಡಿ, ಕಲ್ಲು ಇಟ್ಟಿಗೆ ಬೇಡವೇ ಬೇಡ. ಬೋಲ್ಟ್ ಬಿಚ್ಚಿ, ತುಕ್ಕು ಬಿಡಿಸೋ ಎಣ್ಣೆ ಹೊಡೆದು ಒಂದ್ರಾತ್ರಿ ಬಿಟ್ಟು, ಮಾರನೇ ದಿನ ಸೆನ್ಸಾರನ್ನ ಅತ್ತಿತ್ತ ತಿರುಗಿಸ್ತಾ ತೆಗೀರಿ, ಸುತ್ತಿಗೇಲಿ ಹೊಡೆದ್ರೆ ತಲೆ ಮುರಿದು ಒಳಗೇ ಉಳ್ಕೊಳ್ಳುತ್ತೆ. ಕೂರೋ ಜಾಗನ ಉಪ್ಪುಕಾಗದದಲ್ಲಿ ಬೆಳ್ಳಗೆ ಹೊಳೆಯೋವರ್ಗೂ ಉಜ್ಜಿ. ಸೆನ್ಸಾರ್ ತುದೀಲಿ ಕಬ್ಬಿಣದ ಪುಡಿ ಗಡ್ಡದ ಥರ ಅಂಟಿರುತ್ತೆ, ಅದನ್ನೂ ಒರೆಸಿ.

ಮಲ್ಟಿಮೀಟರ್ ಇಡೋ ಮುಂಚೆ ಸೆನ್ಸಾರ್ ಯಾವ ಜಾತಿ ಅಂತ ತಿಳ್ಕೊಳ್ಳಿ. ಹಳೇ ಕಾಯಿಲ್ ಥರದ್ದಾದ್ರೆ ಸಾಮಾನ್ಯವಾಗಿ ಸಾವಿರ ಓಮ್ ಆಸುಪಾಸು ತೋರಿಸುತ್ತೆ, ಮೀಟರನ್ನ ಎಸಿಗೆ ಇಟ್ಟು ಚಕ್ರ ಕೈಲಿ ತಿರುಗಿಸಿದ್ರೆ ಮಿಲಿವೋಲ್ಟ್ ಏರುತ್ತೆ. ಹೊಸ ಥರದ ಆ್ಯಕ್ಟಿವ್ ಸೆನ್ಸಾರಿಗೆ ಓಮ್ ಅಳೀಬೇಡಿ, ಅದು 7 ಮತ್ತು 14 ಮಿಲಿಆಂಪ್ ನಡುವೆ ಕರೆಂಟ್ ಬದಲಿಸಿ ಮಾತಾಡೋ ಸೆನ್ಸಾರು, ಓಮ್ ಅಂಕಿಗೆ ಅರ್ಥ ಇಲ್ಲ, ಸೆನ್ಸಾರ್ ಸುಡಲೂಬಹುದು.

ಬೇರಿಂಗ್ ಬದಲಿಸಿದ ಮೇಲೆ ಲೈಟ್ ಬಂದಿದ್ರೆ ನನ್ನ ಅನುಮಾನ ಬೇರಿಂಗ್ ಮೇಲೇ. ಈಗಿನ ಬೇರಿಂಗಲ್ಲಿ ಹಲ್ಲಿನ ರಿಂಗ್ ಬದಲು ಒಂದು ಕಡೆ ಸೀಲೊಳಗೇ ಅಯಸ್ಕಾಂತದ ಪಟ್ಟಿ ಇರುತ್ತೆ, ಉಲ್ಟಾ ಹಾಕಿದ್ರೆ ಸೆನ್ಸಾರಿಗೆ ಏನೂ ಕಾಣಲ್ಲ. ಹಾಕೋ ಮುಂಚೆ ಒಂದು ಚಿಕ್ಕ ಗುಂಡುಪಿನ್ ತಗೊಂಡು ಎರಡೂ ಕಡೆ ಮುಟ್ಟಿಸಿ ನೋಡಿ, ಯಾವ ಸೀಲ್ ಪಿನ್ ಎಳೆಯುತ್ತೋ ಅದು ಸೆನ್ಸಾರ್ ಕಡೆ ಬರ್ಬೇಕು. ಪಟ್ಟೀನೇ ಇಲ್ಲದ ಅಗ್ಗದ ಬೇರಿಂಗೂ ಮಾರ್ತಾರೆ, ಬೆಂಗಳೂರಿನ ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ತಗೊಳ್ಳೋದಾದ್ರೂ ಅಂಗಡೀಲೇ ಪಿನ್ ಹಿಡಿದು ನೋಡ್ಕೊಂಡೇ ದುಡ್ಡು ಕೊಡಿ.

ವೈರ್ ಜೋಡಿಸೋದಿದ್ರೆ ಬೆಸುಗೆ ಹಾಕಿ, ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ, ಅಂದ್ರೆ ಹೀಟ್‌ಶ್ರಿಂಕ್ ಏರಿಸಿ, ಕರೀ ಟೇಪ್ ಸುತ್ತಿದ್ದು ಒಂದು ಮಳೆಗೂ ತಡೆಯಲ್ಲ.

ಎಲ್ಲಾ ಆದ್ಮೇಲೆ ಕೋಡ್ ಅಳಿಸಿ ಒಂದು ರೌಂಡ್ ಹೋಗಿ ಬನ್ನಿ. ಕೆಲವು ಗಾಡೀಲಿ ಸ್ವಲ್ಪ ದೂರ ಓಡಿ ನಾಲ್ಕೂ ಚಕ್ರದ ಲೆಕ್ಕ ಸರಿಬಂದ ಮೇಲೇ ಲೈಟ್ ಆರೋದು, ನಿಂತಲ್ಲೇ ನೋಡಿ ಆರ್ಲಿಲ್ಲ ಅಂತ ಮತ್ತೆ ಚಕ್ರ ಬಿಚ್ಚೋಕೆ ಹೋಗ್ಬೇಡಿ.