ಬಿಲ್ಲು, ಇಸಿಜಿ ಪಟ್ಟಿ ಮಾಸದಂತೆ ಕಾಪಾಡುವುದು ಹೇಗೆ?

ಅಂಗಡಿಯ ಬಿಲ್ಲು, ಎಟಿಎಂ ಚೀಟಿ, ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಟಿಕೆಟ್, ಮನೆ ಬಾಗಿಲಲ್ಲೇ ಮುದ್ರಿಸಿ ಕೊಡುವ ವಿದ್ಯುತ್ ಬಿಲ್ಲು, ಆಸ್ಪತ್ರೆಯ ಇಸಿಜಿ ಪಟ್ಟಿ. ಇವುಗಳಲ್ಲಿ ಬಹುಪಾಲು ಶಾಯಿಯ ಹನಿಯೂ ಇಲ್ಲದೆ, ಬರೀ ಬಿಸಿಯಿಂದ ಮೂಡಿದ ಬರಹಗಳು. ಹಾಗೆ ಮೂಡಿದ ಬರಹ ಅಷ್ಟೇ ಸುಲಭವಾಗಿ ಅಳಿಸಿಯೂ ಹೋಗುತ್ತದೆ. ವಾರಂಟಿಗೆಂದು ಜೋಪಾನವಾಗಿ ಎತ್ತಿಟ್ಟ ಬಿಲ್ಲು ಬೇಕಾದ ದಿನ ಖಾಲಿ ಕಾಗದವಾಗಿ ಸಿಗುವುದು ಇದೇ ಕಾರಣಕ್ಕೆ. ಅಚ್ಚಾದ ಕಾಗದ ಕೈಗೆ ಬಂದ ದಿನವೇ ಅದರ ಪ್ರತಿ ಮಾಡಿಕೊಳ್ಳಬೇಕು ಎಂಬುದು ಈ ಲೇಖನದ ಮುಖ್ಯ ಸಲಹೆ. ಮಿಕ್ಕ ಎಚ್ಚರಿಕೆಗಳು ಅದರ ನಂತರದವು.

ಬಣ್ಣ ಬರುವುದು ಎಲ್ಲಿಂದ?

ಬಿಸಿಯಿಂದ ಬರಹ ಮೂಡುವ ಇಂಥ ಕಾಗದಕ್ಕೆ ಥರ್ಮಲ್ ಕಾಗದ ಎಂದು ಹೆಸರು. ಅದರ ಮೇಲೆ ತೆಳುವಾದ ಲೇಪನವಿರುತ್ತದೆ. ಆ ಲೇಪನದಲ್ಲಿ ಮುಖ್ಯವಾಗಿ ಎರಡು ಪುಡಿಗಳು ಬೆರೆಯದೆ ಅಕ್ಕಪಕ್ಕ ಕುಳಿತಿರುತ್ತವೆ. ಒಂದು, ಲ್ಯೂಕೋ ಎಂದು ಕರೆಯುವ ಬಣ್ಣ. ಸಹಜ ಸ್ಥಿತಿಯಲ್ಲಿ ಇದಕ್ಕೆ ಬಣ್ಣವೇ ಇಲ್ಲ. ಇನ್ನೊಂದು, ಡೆವಲಪರ್ ಎನ್ನುವ ಸೌಮ್ಯ ಆಮ್ಲ. ಇವೆರಡೂ ಬೇಗ ಕರಗಲೆಂದು ಮೇಣದಂಥ ಮೂರನೆಯ ವಸ್ತುವನ್ನೂ ಸೇರಿಸಿರುತ್ತಾರೆ. ಪ್ರಿಂಟರಿನ ತಲೆಯಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8ರಂತೆ ಸಾಲಾಗಿ ಕೂರಿಸಿದ ಪುಟ್ಟ ಬಿಸಿ ಬಿಂದುಗಳಿವೆ. ಕಾಗದ ಸಾಗುತ್ತಿದ್ದಂತೆ ಬೇಕಾದ ಬಿಂದು ಕ್ಷಣಮಾತ್ರ ಕಾಯುತ್ತದೆ, ಅದರ ಕೆಳಗಿನ ಪುಡಿಗಳು ಕರಗಿ ಒಂದಕ್ಕೊಂದು ತಾಗುತ್ತವೆ. ಆಮ್ಲ ತಾಗಿದೊಡನೆ ಲ್ಯೂಕೋ ಅಣುವಿನೊಳಗೆ ಮುಚ್ಚಿದ್ದ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ರಚನೆ ಬದಲಾದ ಅಣು ಬೆಳಕನ್ನು ಹೀರತೊಡಗಿ ಕಪ್ಪಾಗಿ ಕಾಣುತ್ತದೆ.

ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಥರ್ಮಲ್ ಕಾಗದದಲ್ಲಿ ಆಮ್ಲದ ಪಾತ್ರ ತಿರುಗುಮುರುಗಾಗಿದೆ ಎನ್ನುವುದು ಬಿಟ್ಟರೆ ಸಂಗತಿ ಇದೇ. ಬಣ್ಣ ಹೇಗೆ ಬಂದಿತೋ ಹಾಗೆಯೇ ಹಿಂದಕ್ಕೆ ಹೋಗಬಲ್ಲದು. ಎಣ್ಣೆಯೋ ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ರಾಸಾಯನಿಕವೋ ಕಾಗದಕ್ಕೆ ಇಳಿದು ಲ್ಯೂಕೋವನ್ನು ಆಮ್ಲದಿಂದ ಬೇರ್ಪಡಿಸಿದರೆ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ, ಅಕ್ಷರ ಮಾಯವಾಗುತ್ತದೆ.

ಈ ರಸಾಯನ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಕಾರ್ಬನ್ ಹಾಳೆಯಿಲ್ಲದೆ ಪ್ರತಿ ಮೂಡಿಸುವ ಕಾಗದವನ್ನು ತಂದಾಗ ಬಳಸಿದ್ದು ಕ್ರಿಸ್ಟಲ್ ವಯಲೆಟ್ ಲ್ಯಾಕ್ಟೋನ್ ಎಂಬ ಇದೇ ಜಾತಿಯ ಬಣ್ಣ. ಅಲ್ಲಿ ಪೆನ್ನಿನ ಒತ್ತಡ ಮಾಡಿದ ಕೆಲಸವನ್ನು ಇಲ್ಲಿ ಬಿಸಿ ಮಾಡುತ್ತದೆ. ಫ್ಯಾಕ್ಸ್ ಕಾಲದ ಕಚೇರಿಗಳಲ್ಲಿ ಸುರುಳಿ ಸುತ್ತಿಕೊಂಡು ಬಂದ ಥರ್ಮಲ್ ಹಾಳೆಯನ್ನು ಮೊದಲು ಜೆರಾಕ್ಸ್ ಮಾಡಿ ಆಮೇಲೆ ಫೈಲಿಗೆ ಸೇರಿಸುವ ರೂಢಿ ಇತ್ತು. ಆ ಒಳ್ಳೆಯ ಅಭ್ಯಾಸವನ್ನು ನಾವು ಮನೆಯಲ್ಲಿ ಮುಂದುವರಿಸಬೇಕು.

ಮೊದಲು ಗುರುತಿಸಿ

ಕಾಗದದ ನುಣುಪಾದ ಬದಿಯಲ್ಲಿ, ಏನೂ ಅಚ್ಚಾಗದ ಮೂಲೆಯಲ್ಲಿ ಉಗುರಿನಿಂದ ಜೋರಾಗಿ ಒಮ್ಮೆ ಗೀರಿ. ಬೂದು ಅಥವಾ ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್ ಕಾಗದ. ಉಜ್ಜಿದ ಬಿಸಿಗೇ ಲೇಪನ ಕರಗಿರುತ್ತದೆ. ಎ4 ಹಾಳೆಯಲ್ಲಿ ಲೇಸರ್ ಪ್ರಿಂಟರಿನಿಂದ ತೆಗೆದ ಬಿಲ್ಲಿಗೆ ಈ ಭಯವಿಲ್ಲ.

ಅದೇ ದಿನ ಪ್ರತಿ ಮಾಡಿ

ಬಿಲ್ಲನ್ನು ಮೇಜಿನ ಮೇಲೆ ಮಡಿಕೆ ಬಿಡಿಸಿ ಹಾಸಿ, ನೇರ ಬಿಸಿಲು ಬೀಳದ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆಯಿರಿ. ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ, ದಿನಾಂಕ, ಬಿಲ್ ಸಂಖ್ಯೆ, ಮೊತ್ತ, ಉಪಕರಣದ ಸೀರಿಯಲ್ ನಂಬರ್ ಇವೆಲ್ಲ ಓದುವಂತಿರಬೇಕು. ಉದ್ದದ ಬಿಲ್ಲಾದರೆ ಎರಡು ಮೂರು ಭಾಗವಾಗಿ ತೆಗೆಯಿರಿ, ಒಂದರ ಕೊನೆಯ ಸಾಲು ಮುಂದಿನದರಲ್ಲೂ ಬರಲಿ. ಚಿತ್ರಕ್ಕೆ ‘ಫ್ರಿಜ್ ಬಿಲ್’ ಎಂದೋ ‘ಅಪ್ಪನ ಇಸಿಜಿ’ ಎಂದೋ ತಿಂಗಳು, ವರ್ಷ ಸೇರಿಸಿ ಹೆಸರಿಡಿ. ಹೆಸರಿಲ್ಲದ ಚಿತ್ರ ಸಾವಿರ ಫೋಟೊಗಳ ನಡುವೆ ಕಳೆದುಹೋದಂತೆಯೇ.

ದುಬಾರಿ ವಸ್ತುವಾದರೆ ಜೆರಾಕ್ಸ್ ಕೂಡ ಮಾಡಿಸಿ. ಆ ಯಂತ್ರದಲ್ಲಿ ಬಿಸಿ ರೋಲರ್‌ಗಳ ನಡುವೆ ಸಾಗುವುದು ಪ್ರತಿ ಮೂಡುವ ಹಾಳೆ. ನಿಮ್ಮ ಬಿಲ್ಲು ಗಾಜಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಅದಕ್ಕೆ ಅಪಾಯವಿಲ್ಲ. ಮೂಲವನ್ನು ಮಾತ್ರ ಎಸೆಯಬೇಡಿ, ಪ್ರತಿಯ ಜೊತೆ ಪಿನ್ ಮಾಡಿಡಿ.

ಎಷ್ಟು ಕಾಲ ಬೇಕಾದೀತು ಎಂದು ಕೇಳುವವರಿಗೆ: ಗ್ರಾಹಕರ ಆಯೋಗಕ್ಕೆ ದೂರು ಕೊಡಲು ತಕರಾರು ಹುಟ್ಟಿದ ದಿನದಿಂದ 2 ವರ್ಷ ಅವಕಾಶವಿದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ವಾರ್ಷಿಕ ರಿಟರ್ನ್ಸ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಪರ್ಸಿನಲ್ಲಿ ಮಡಚಿಟ್ಟ ಬಿಲ್ಲು ಇದರಲ್ಲಿ ಸಣ್ಣ ಪಾಲಿನಷ್ಟು ದಿನವೂ ಬಾಳುವುದಿಲ್ಲ.

ಇಸಿಜಿ ಪಟ್ಟಿಗೆ ವಿಶೇಷ ಗಮನ

ಬಿಲ್ಲು ಹೋದರೆ ಹಣ ಹೋದೀತು. ಇಸಿಜಿ ಮಾಸಿದರೆ ಹೃದಯದ ಹಳೆಯ ದಾಖಲೆಯೇ ಹೋಗುತ್ತದೆ. ಎದೆನೋವೆಂದು ಬಂದವರ ಇಂದಿನ ಪಟ್ಟಿಯಲ್ಲಿ ಕಾಣುವ ಬದಲಾವಣೆ ಹೊಸದೋ ಹಳೆಯದೋ ಎಂದು ತಿಳಿಯಲು ವೈದ್ಯರು ಹಿಂದಿನ ಪಟ್ಟಿಯನ್ನು ಕೇಳುತ್ತಾರೆ. ಆಗ ಫೈಲು ತೆರೆದರೆ ಮೊದಲೇ ಅಚ್ಚಾಗಿದ್ದ ಗುಲಾಬಿ ಚೌಕಗಳು ಹಾಗೆಯೇ ಇರುತ್ತವೆ, ಬಿಸಿಯಿಂದ ಬರೆದ ಕಪ್ಪು ಗೆರೆ ಮಾತ್ರ ಇರುವುದಿಲ್ಲ. ಆಸ್ಪತ್ರೆಯಿಂದ ಹೊರಡುವ ಮೊದಲೇ ಚಿತ್ರ ತೆಗೆದುಕೊಳ್ಳಿ. ರೋಗಿಯ ಹೆಸರು, ದಿನಾಂಕ, ವೇಳೆಯ ಜೊತೆಗೆ ಅಂಚಿನಲ್ಲಿ ಸಣ್ಣಗೆ ಅಚ್ಚಾಗಿರುವ ಕಾಗದದ ವೇಗ (ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್) ಮತ್ತು ಗೆರೆಯ ಎತ್ತರದ ಅಳತೆಯೂ ಬರಲಿ. ವೈದ್ಯರು ಚೌಕ ಎಣಿಸಿ ಓದುವುದರಿಂದ ಫೋನನ್ನು ಓರೆ ಹಿಡಿಯದೆ ನೇರ ಮೇಲಿನಿಂದ ತೆಗೆಯಬೇಕು.

ಬಸುರಿಯರ ಸ್ಕ್ಯಾನಿಂಗ್ ಚಿತ್ರವೂ ಹಲವೆಡೆ ಥರ್ಮಲ್ ಕಾಗದದ್ದೇ. ಮಗುವಿನ ಮೊದಲ ಚಿತ್ರವೆಂದು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಲು ಕೊಟ್ಟರೆ ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಗಿ ಹೊರಬರುತ್ತದೆ. ಸ್ಕ್ಯಾನ್ ಮಾಡಿಸಿ, ಅದರ ಫೋಟೊ ಪ್ರಿಂಟ್ ತೆಗೆಸಿ, ಅದಕ್ಕೆ ಬೇಕಾದರೆ ಚೌಕಟ್ಟು ಹಾಕಿಸಿ.

ಇಡುವ ಕ್ರಮ

ಕಾಗದದ ಲಕೋಟೆಯೇ ಉತ್ತಮ. ಮೆದುವಾದ, ವಾಸನೆ ಬರುವ ಪಿವಿಸಿ ಕವರು ಅತ್ಯಂತ ಕೆಟ್ಟದ್ದು. ವೈದ್ಯಕೀಯ ಫೈಲುಗಳಿಗೆ ನಾವು ಬಳಸುವುದು ಬಹಳ ಸಲ ಇದನ್ನೇ. ಸೆಲ್ಲೋಟೇಪನ್ನು ಅಕ್ಷರಗಳ ಮೇಲೆ ಅಂಟಿಸಬೇಡಿ, ಅದರಡಿಯ ಸಾಲೇ ಮೊದಲು ಮಾಯವಾಗುತ್ತದೆ. ಮೊತ್ತದ ಮೇಲೆ ಹೈಲೈಟರ್ ಎಳೆಯುವುದೂ ಬೇಡ. ಅಂಟಿಸಲೇಬೇಕೆಂದರೆ ಮೈದಾ ಅಂಟು ಸಾಕು, ಅದಕ್ಕಿಂತ ಸ್ಟೇಪ್ಲರ್ ಪಿನ್ ಮೇಲು. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಟ್ಟಿದರೆ ಅದರ ಆಲ್ಕೋಹಾಲು ಲೇಪನವನ್ನು ಕರಗಿಸಿ ಕಲೆ ಮೂಡಿಸುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್, ಒಲೆಯ ಬಳಿಯ ಕಪಾಟು, ಫ್ರಿಜ್ಜಿನ ತಲೆ ಇವು ಮೂರೂ ತಪ್ಪು ಜಾಗಗಳು. ಬೀರುವಿನ ಒಣ ಕತ್ತಲೆ ಸಾಕು.

ಆಗಲೇ ಮಾಸಿದ್ದರೆ

ಮೊದಲು ಇದ್ದ ಸ್ಥಿತಿಯಲ್ಲೇ ಸ್ಕ್ಯಾನ್ ಮಾಡಿ, ಬಣ್ಣದಲ್ಲೇ ಮಾಡಿ. ಬಳಿಕ ಮೊಬೈಲಿನ ಚಿತ್ರ ತಿದ್ದುವ ಆ್ಯಪ್‌ನಲ್ಲಿ ಬ್ರೈಟ್‌ನೆಸ್ ಇಳಿಸಿ, ಕಾಂಟ್ರಾಸ್ಟ್ ಏರಿಸಿ. ಕಣ್ಣಿಗೆ ಕಾಣದ ನಸು ಬೂದು ಗೆರೆಗಳು ಎಷ್ಟೋ ಸಲ ಹೀಗೆ ಎದ್ದು ಬರುತ್ತವೆ. ಬಿಲ್ ಸಂಖ್ಯೆಯೋ ದಿನಾಂಕವೋ ಸಿಕ್ಕರೆ ಅಂಗಡಿಯ ಕಂಪ್ಯೂಟರಿನಿಂದ ಮತ್ತೊಂದು ಪ್ರತಿ ಕೇಳಬಹುದು.

ಏನೂ ಸಿಗದಿದ್ದಾಗ ಮಾತ್ರ ಕೊನೆಯ ಪ್ರಯತ್ನ: ಕಾಗದದ ಹಿಂಬದಿಗೆ ಹೇರ್ ಡ್ರೈಯರಿನ ಗಾಳಿಯನ್ನು ದೂರದಿಂದ, ಸ್ವಲ್ಪ ಸ್ವಲ್ಪವೇ ಹಾಯಿಸಿ. ಸುತ್ತಲಿನ ಖಾಲಿ ಜಾಗ ಕಪ್ಪಾಗುತ್ತ ಅಕ್ಷರವಿದ್ದ ಜಾಗ ತಿಳಿಯಾಗಿ ಕಾಣುವುದುಂಟು. ಕಂಡ ತಕ್ಷಣ ನಿಲ್ಲಿಸಿ ಚಿತ್ರ ತೆಗೆಯಿರಿ. ಬಿಸಿ ಹೆಚ್ಚಾದರೆ ಎಲ್ಲವೂ ಕಪ್ಪಾಗುತ್ತದೆ, ಮತ್ತೆ ಸರಿಪಡಿಸಲಾಗದು. ಇಸಿಜಿ ಮೇಲೆ ಈ ಪ್ರಯೋಗ ಖಂಡಿತ ಬೇಡ.

ಬೇಡದ ಚೀಟಿಗಳನ್ನು ಏನು ಮಾಡುವುದು?

ಡೆವಲಪರ್ ಆಗಿ ಬಹುಕಾಲ ಬಳಕೆಯಲ್ಲಿರುವ ಬಿಸ್ಫಿನಾಲ್ ಎ ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಬರುವ ವಸ್ತು. ಐರೋಪ್ಯ ಒಕ್ಕೂಟ 2020ರ ಜನವರಿಯಿಂದ ಥರ್ಮಲ್ ಕಾಗದದಲ್ಲಿ ಅದರ ಪ್ರಮಾಣ ತೂಕದ ಶೇ 0.02ನ್ನು ಮುಟ್ಟದಂತೆ ನಿರ್ಬಂಧಿಸಿದೆ. ಅನೇಕ ತಯಾರಕರು ಅದರ ಬದಲಿಗೆ ಹಿಡಿದ ಬಿಸ್ಫಿನಾಲ್ ಎಸ್ ಬಗ್ಗೆಯೂ ಇಂಥದೇ ಆತಂಕವಿದೆ. ಆದ್ದರಿಂದ ಮಕ್ಕಳ ಕೈಗೆ ಆಡಲು ಬಿಲ್ಲು ಕೊಡಬೇಡಿ, ಟಿಕೆಟನ್ನು ಬಾಯಲ್ಲಿ ಕಚ್ಚಿ ಹಿಡಿಯಬೇಡಿ, ಬೋಂಡ ಬಜ್ಜಿ ಇಡಲು ಬಳಸಬೇಡಿ. ದಿನವಿಡೀ ಇದೇ ಕಾಗದ ಮುಟ್ಟುವ ಕಂಡಕ್ಟರುಗಳು, ಕ್ಯಾಷಿಯರುಗಳು ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುವುದು ಅಗತ್ಯ. ರದ್ದಿ ಪೇಪರಿನ ಕಟ್ಟಿಗೂ ಈ ಚೀಟಿಗಳನ್ನು ಸೇರಿಸಬಾರದು. ಮರುಬಳಕೆಯಾದಾಗ ಅದೇ ರಾಸಾಯನಿಕ ಹೊಸ ಕಾಗದಕ್ಕೂ ಹೋಗುತ್ತದೆ. ಒಣ ಕಸದಲ್ಲಿ ಬೇರೆಯಾಗಿ ಕಟ್ಟಿ ಹಾಕಿ.