ಮನೆ ಕಂಪ್ಯೂಟರಿಗೆ ಆಂಟಿವೈರಸ್: ಕೊಳ್ಳುವ ಬದಲು ನಾನು ಮಾಡುವುದೇನು

ಹೊಸ ಲ್ಯಾಪ್‌ಟಾಪ್ ತಂದವರು ನನ್ನನ್ನು ಮೊದಲು ಕೇಳುವುದೇ "ಯಾವ ಆಂಟಿವೈರಸ್ ಹಾಕಿಸೋಣ?" ಅಂತ. ನೆಂಟರಿಷ್ಟರ, ಅಕ್ಕಪಕ್ಕದವರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗಿದೆ. ಈಗ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ದುಡ್ಡು ಕೊಟ್ಟು ಬೇರೆ ಹಾಕಿಸಬೇಡಿ, ವಿಂಡೋಸ್ ಜೊತೆಗೇ ಬಂದಿರುವ ಡಿಫೆಂಡರ್ ಸಾಕು. ಆದರೆ ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡದೆ ಮಾತ್ರ ಬಿಡಬೇಡಿ.

ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಾನೇ ಪ್ರತಿ ವರ್ಷ ಕೀ ಕೊಂಡು ಹಾಕಿಸುತ್ತಿದ್ದೆ. ಆಗ ಅದು ಬೇಕೇ ಬೇಕಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಪೆನ್‌ಡ್ರೈವ್ ವಾಪಸ್ ತಂದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದವು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ಓಡಿಸುವ ಆಟೋರನ್ ತಾನಾಗಿಯೇ ಶುರುವಾಗುತ್ತಿತ್ತು. 2008ರಲ್ಲಿ ಬಂದ ಕಾನ್‌ಫಿಕರ್ ಹುಳು ಹರಡಿದ ದಾರಿಗಳಲ್ಲಿ ಅದೂ ಒಂದು. 2011ರ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್ ಆಟೋರನ್ ನಿಲ್ಲಿಸಿತು. 2012ರ ವಿಂಡೋಸ್ 8ರಿಂದ ಪೂರ್ಣ ಪ್ರಮಾಣದ ಆಂಟಿವೈರಸ್ ವಿಂಡೋಸ್ ಒಳಗೇ ಬಂತು. ಮೊದಮೊದಲು ಅದು ಅಷ್ಟಕ್ಕಷ್ಟೇ ಇತ್ತು. ಈಗ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಪರೀಕ್ಷೆಗಳಲ್ಲಿ ದುಡ್ಡಿನವುಗಳ ಸಾಲಿನಲ್ಲೇ ನಿಲ್ಲುತ್ತದೆ.

ಹೀಗಿದ್ದೂ ಕಂಪ್ಯೂಟರ್‌ಗಳು ಕೆಡುತ್ತಿವೆ. ನಾನು ಕಂಡ ಮಟ್ಟಿಗೆ, ಕೆಟ್ಟ ಹೆಚ್ಚಿನವುಗಳಲ್ಲಿ ಡಿಫೆಂಡರ್ ದುರ್ಬಲವಾಗಿರಲಿಲ್ಲ. ಯಾರೋ ಅದರ ಕಣ್ಣು ಕಟ್ಟಿದ್ದರು.

ಯಾವುದೇ ಹಳೆಯ ಕಂಪ್ಯೂಟರ್ ಕೈಗೆ ಬಂದರೂ ನಾನು ಮೊದಲು ತೆರೆಯುವುದು ವಿಂಡೋಸ್ ಸೆಕ್ಯುರಿಟಿ. ಅಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಪುಟದ ಕೆಳಗೆ ಎಕ್ಸ್‌ಕ್ಲೂಷನ್ಸ್. ಇದು "ಇವುಗಳನ್ನು ತಪಾಸಣೆ ಮಾಡಬೇಡ" ಎಂದು ಡಿಫೆಂಡರ್‌ಗೆ ಹೇಳುವ ಪಟ್ಟಿ. ಮನೆ ಕಂಪ್ಯೂಟರಿನಲ್ಲಿ ಇದು ಖಾಲಿ ಇರಬೇಕು. ಆದರೆ ಇಡೀ ಸಿ ಡ್ರೈವನ್ನೇ ಈ ಪಟ್ಟಿಗೆ ಸೇರಿಸಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕಾರಣ ಹುಡುಕಿದರೆ ಸಿಗುವುದು ಪುಕ್ಕಟೆ ಆಫೀಸ್, ಪುಕ್ಕಟೆ ಫೋಟೋಶಾಪ್ ಅಥವಾ ವಿಂಡೋಸ್ ಆಕ್ಟಿವೇಟರ್. ದುಡ್ಡು ಕೊಡದೆ ತಂತ್ರಾಂಶದ ಬೀಗ ಮುರಿಯುವ ಆ ಕ್ರ್ಯಾಕ್ ಕಡತದ ಜೊತೆಗೇ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಇರುತ್ತದೆ, ಮಕ್ಕಳು ಹಾಗೇ ಮಾಡುತ್ತಾರೆ. ಆ ಬಾಗಿಲು ಮತ್ತೆ ಮುಚ್ಚುವವರಿಲ್ಲ. ಮನೆಯವರ ಕಡತಗಳನ್ನು ಬೀಗ ಹಾಕಿ ಹಣ ಕೇಳುವ 'ಸ್ಟಾಪ್' ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಬಹುಪಾಲು ಇಂಥ ಕ್ರ್ಯಾಕ್‌ಗಳಿಂದಲೇ. ಮದುವೆ ಫೋಟೋ, ಮಗುವಿನ ಮೊದಲ ವರ್ಷದ ಫೋಟೋ ಎಲ್ಲ ಹೋದ ಮೇಲೆ ಯಾವ ಕಂಪನಿಯ ಆಂಟಿವೈರಸ್ ತಂದರೂ ಅವು ಬರುವುದಿಲ್ಲ. ಹಾಗಾಗಿ ನಾನು ಆ ಪಟ್ಟಿ ಖಾಲಿ ಮಾಡುತ್ತೇನೆ, ಕ್ರ್ಯಾಕ್ ತೆಗೆದು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಹಾಕಿಕೊಡುತ್ತೇನೆ, ಡಿಫೆಂಡರ್ ಸೆಟ್ಟಿಂಗ್ಸನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯೇ ನೋಡುತ್ತೇನೆ. ಕೊನೆಗೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸುತ್ತೇನೆ. ಅದು ವಿಂಡೋಸ್ ಶುರುವಾಗುವ ಮೊದಲೇ ಹುಡುಕುವುದರಿಂದ ಒಳಗೆ ಅಡಗಿರುವುದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ.

ಎರಡನೆಯದು, ಲ್ಯಾಪ್‌ಟಾಪ್ ಜೊತೆ ಬರುವ ಟ್ರಯಲ್ ಆಂಟಿವೈರಸ್. ಬೇರೊಂದು ಆಂಟಿವೈರಸ್ ಇದ್ದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಟ್ರಯಲ್ ಮುಗಿದ ಮೇಲೆ ಮನೆಯವರಿಗೆ ಕಾಣುವುದು ದಿನಾ ಬರುವ "ರಿನ್ಯೂ ಮಾಡಿ" ಕಿಟಕಿ ಮಾತ್ರ. ಅದನ್ನು ಮುಚ್ಚಿ ಮುಂದುವರಿಯುತ್ತಾರೆ. ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಬೇಕಾದರೆ ಆ ಕಂಪನಿಯದೇ ತೆಗೆಯುವ ಟೂಲ್ ಬಳಸಿ, ರೀಸ್ಟಾರ್ಟ್ ಮಾಡಿದರೆ ಡಿಫೆಂಡರ್ ಮತ್ತೆ ಎದ್ದು ಕೂರುತ್ತದೆ. ಎದ್ದಿತೋ ಇಲ್ಲವೋ ನೋಡಲು ಐಕಾರ್ ಎಂಬ ಪರೀಕ್ಷಾ ಕಡತ ಇದೆ. 68 ಅಕ್ಷರಗಳ ಒಂದೇ ಸಾಲು, ಏನೂ ಅಪಾಯವಿಲ್ಲ, ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದವಿದೆ. ಡೌನ್‌ಲೋಡ್ ಮಾಡಿದ ಕ್ಷಣ ಎಚ್ಚರಿಕೆ ಬಂದರೆ ನನಗೆ ಸಮಾಧಾನ.

ಉಚಿತ ಆಂಟಿವೈರಸ್ ಬಗ್ಗೆಯೂ ಕೇಳುತ್ತಾರೆ. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದಕ್ಕೆ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ನಮ್ಮನ್ನು ಕಾಯಬೇಕಾದ ತಂತ್ರಾಂಶಕ್ಕೆ ಕಂಪ್ಯೂಟರಿನ ಒಳಹೊರಗೆಲ್ಲ ಕಾಣುತ್ತದೆ. ಆ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಈಗ ಕಾರಣ ಕಾಣುವುದಿಲ್ಲ.

ಉಳಿದವು ಚಿಕ್ಕವು. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಅಕೌಂಟ್. ಫೋಟೋ, ದಾಖಲೆಗಳ ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ. ಕಾಪಿ ಆದ ಕೂಡಲೇ ಕೇಬಲ್ ಕಿತ್ತು ಬೀರುವಿಗೆ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಗೊತ್ತಿಲ್ಲದ ಪ್ರೋಗ್ರಾಂ ಮುಖ್ಯ ಫೋಲ್ಡರ್‌ಗಳನ್ನು ಮುಟ್ಟದಂತೆ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಕೂಡ ಹಾಕುತ್ತೇನೆ. ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರಿಗೆ ಇದರಿಂದ ಕಡತ ಸೇವ್ ಆಗದೆ ತೊಂದರೆಯಾಗಬಹುದು. ಆ ತಂತ್ರಾಂಶಕ್ಕೆ ಮಾತ್ರ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಈಚೆಗೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಆಂಟಿವೈರಸ್‌ಗೆ ಪೂರ್ತಿ ನಿಲುಕದ ಮೋಸಗಳು. "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಎನ್ನುವ ಪುಟವೊಂದು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ ಎನ್ನುತ್ತದೆ. ಒತ್ತಿದರೆ ನಮ್ಮ ಕೈಯಿಂದಲೇ ಕಳ್ಳ ಆಜ್ಞೆ ಓಡುತ್ತದೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಹೋಗುತ್ತವೆ. ಯಾವ ವೆಬ್‌ಪುಟವೂ ಹಾಗೆ ಕೇಳುವ ಅಗತ್ಯವೇ ಇಲ್ಲ ಎಂದು ನಮ್ಮ ಅತ್ತೆಯಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರಿಗೂ ತೋರಿಸಿ ಹೇಳುತ್ತಿದ್ದೇನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇನ್ನೊಂದು ಪ್ರಶ್ನೆ ಈಗ ಪದೇಪದೇ ಬರುತ್ತಿದೆ: "ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತಲ್ಲ, ಒಳ್ಳೆ ಆಂಟಿವೈರಸ್ ಹಾಕಿದರೆ ಸಾಕಲ್ವಾ?" ಸಾಲದು. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2017ರಲ್ಲಿ ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹುಳು ನೆನಪಿಸಿಕೊಳ್ಳಿ: ಅದು ನುಗ್ಗಿದ ತೂತಿಗೆ ತೇಪೆ, ಅಂದರೆ ಸರಿಪಡಿಸುವ ಅಪ್‌ಡೇಟ್, ಮಾರ್ಚ್ 14ಕ್ಕೇ ಬಂದಿತ್ತು, ದಾಳಿ ಆದದ್ದು ಮೇ 12ಕ್ಕೆ. ತೇಪೆ ಹಾಕಿಕೊಂಡಿದ್ದವರ ಕಂಪ್ಯೂಟರಿಗೆ ಹುಳು ಆ ತೂತಿನಿಂದ ನುಗ್ಗಲಾಗಲಿಲ್ಲ, ಉಳಿದವರು ಒದ್ದಾಡಿದರು. ಹೀಗಾಗಿ ವಿಂಡೋಸ್ 11 ಹಿಡಿಸುವ ಕಂಪ್ಯೂಟರಿಗೆ ಅದನ್ನೇ ಹಾಕುತ್ತೇನೆ. ಹಿಡಿಸದಿದ್ದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್. ಅದರಲ್ಲಿ ನುಡಿ ತಂತ್ರಾಂಶದಲ್ಲಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವೂ ಸಿಗುವುದರಿಂದ ಯೂನಿಕೋಡ್ ಕನ್ನಡದಲ್ಲಿ ಬರೆಯುವ ಹಿರಿಯರು ಬೇಗ ಹೊಂದಿಕೊಳ್ಳುತ್ತಾರೆ.